ಎಂಟು ಗಜ

ನವೆಂಬರ್ ಬಂದರೆ ಮನಾಮದಲ್ಲಿ ಎಸಿಯ ಸದ್ದು ಇಳಿಯುತ್ತದೆ,
ಗಂಡಸರ ಲಂಗದ ಆರ್ಡರು ಏರುತ್ತದೆ.
ಲಂಗ ಅಲ್ಲವೋ ಶೆಟ್ಟಿಗಾರ, ಕಿಲ್ಟು,
ಎಂದು ನಗುತ್ತಲೇ ತಿದ್ದಿದವನು ಟಾರ್ಕ್ವಿಲ್ ಮೆಕಾಸ್ಕಿಲ್.
ಸಿತ್ರಾದ ರಿಫೈನರಿಯಲ್ಲಿ ವಾಲ್ವು ನೋಡುವ ಇನ್‌ಸ್ಪೆಕ್ಟರು,
ವಯಸ್ಸು ಅರವತ್ತೆರಡು, ಸೊಂಟ ನಲವತ್ತೊಂದೂವರೆ.

ಮೇಜಿನ ಮೇಲೆ ಎಂಟು ಗಜ ಉಣ್ಣೆ ಸುರಿದ.
ಪಾಚಿ ಹಸಿರು, ಕಡುನೀಲಿ, ನಡುವೆ ಒಂಟಿ ಎಳೆ ಹಳದಿ.
ಮೂಸಿದೆ. ಒದ್ದೆ ಪ್ರಾಣಿಯ ವಾಸನೆ.
ಬೆರಳು ತಾನಾಗಿ ಎಣಿಸಿತು:
ಹಾಸಿಗೆ ಎಷ್ಟೋ ಹೊಕ್ಕಿಗೂ ಅಷ್ಟೇ.
ಕಿನ್ನಿಗೋಳಿಯ ಕುಣಿಮಗ್ಗದೊಳಗೆ ಕಾಲು ಇಳಿಬಿಟ್ಟು
ಅಪ್ಪ ಚೌಕುಳಿ ಬೈರಾಸು ನೇಯುತ್ತಿದ್ದದ್ದೂ ಇದೇ ಲೆಕ್ಕದಲ್ಲಿ.
ಆದರೆ ಬೈರಾಸಿಗೆ ಕುಲವಿಲ್ಲ,
ಯಾರ ಹೆಗಲಿಗೆ ಬಿತ್ತೋ ಅವರದು.

ಅಳತೆ ತೆಗೆಯುವಾಗ ಅವನು ಹೇಳುತ್ತಾನೆ,
ಎರಡೂ ಕೈ ಮೇಲೆತ್ತಿ, ಪೊಲೀಸರೆದುರು ನಿಂತವನ ಹಾಗೆ:
ಸೋತೆವು. ಒದ್ದೆ ಬಯಲಲ್ಲಿ, ಒಂದು ಗಂಟೆಯೊಳಗೆ.
ಆಮೇಲೆ ಈ ಬಟ್ಟೆ ಉಟ್ಟವನಿಗೆ ಆರು ತಿಂಗಳು ಜೈಲು,
ಮತ್ತೆ ಉಟ್ಟರೆ ಏಳು ವರ್ಷ ಕಡಲಾಚೆ.
ಮೂವತ್ತೈದು ವರ್ಷ ಪೆಟ್ಟಿಗೆಯಲ್ಲಿ ನುಸಿ ತಿಂದಿತು.
ಆಮೇಲೆ? ನನ್ನ ಬಾಯಲ್ಲಿ ಗುಂಡುಸೂಜಿ.
ಆಮೇಲೆ ಒಬ್ಬ ರಾಜ ಅದನ್ನೇ ಉಟ್ಟು ದರ್ಬಾರಿಗೆ ಬಂದ,
ಕಾಯಿದೆ ಮಾಡಿದವರ ಮರಿಮಗ,
ಗುಲಾಬಿ ಕಾಲುಚೀಲ ಬೇರೆ.

ಕವಿಗಳು ಬಂದರು, ಚಿತ್ರಗಾರರು ಬಂದರು,
ಮಂಜು ನೋಡಿದರು, ಬಂಡೆ ನೋಡಿದರು, ಎದೆ ತುಂಬಿ ಅತ್ತರು.
ಎಂಥ ಭವ್ಯ! ಎಂಥ ನಿರ್ಜನ!
ನಿರ್ಜನ ಹೇಗಾಯಿತು ಅಂತ ಕೇಳಿದವರು ಕಡಿಮೆ.
ಜನರನ್ನು ಎಬ್ಬಿಸಿ ಕುರಿ ಬಿಟ್ಟಿದ್ದರು,
ತಿರುಗಿ ಬಾರದ ಹಾಗೆ ಮಾಡಿನ ತೊಲೆಗೆ ಬೆಂಕಿ.
ಈ ಉಣ್ಣೆ...
ಅಲ್ಲಿಗೆ ನಿಲ್ಲಿಸಿದ.
ನಾನು ಇನ್ನೊಮ್ಮೆ ಮೂಸಿದೆ.

ನನ್ನಲ್ಲೂ ಒಂದಿತ್ತು ಹೇಳಲಿಕ್ಕೆ. ಹೇಳಿದೆ.
ಹೊಲ ಕಳಕೊಂಡವನ ಕೈಗೆ ಬಂದೂಕು ಕೊಟ್ಟರೆ
ಅವನು ಇನ್ನೊಬ್ಬರ ಕೋಟೆಗೆ ಏಣಿ ಹಾಕುತ್ತಾನೆ.
ನಿಮ್ಮ ಗುಡ್ಡದ ಹುಡುಗರೂ ಇದ್ದರಂತೆ
ಶ್ರೀರಂಗಪಟ್ಟಣದ ಒಡೆದ ಗೋಡೆ ಹತ್ತಿದವರಲ್ಲಿ.
ಗೊತ್ತು, ಎಂದ. ಚಹಾ ಆರಿತ್ತು. ಕುಡಿದ.

ಪಕ್ಕದ ಅಂಗಡಿಯ ಖಮೀಸನ ಅಜ್ಜ ಮುತ್ತಿಗೆ ಮುಳುಗುತ್ತಿದ್ದ,
ದೋಣಿಯೊಡೆಯನ ಸಾಲ ಮಗನಿಗೆ ಬಿಟ್ಟು ಸತ್ತ.
ಈಗ ಹೋಟೆಲಿನ ಲಾಬಿಯಲ್ಲಿ ಅಂಥದೇ ಮೂಗಿನ ಚಿಮುಟಕ್ಕೆ
ಗಾಜಿನ ಪೆಟ್ಟಿಗೆ, ಮೇಲೊಂದು ಹಳದಿ ದೀಪ.
ಚಂದ ಇಟ್ಟಿದ್ದಾರೆ, ಎನ್ನುತ್ತಾನೆ ಖಮೀಸ್,
ಮೂಗು ಮಾತ್ರ ಕಾಣೆ.

ಮೂರನೆಯ ಟ್ರಯಲ್ಲಿನ ದಿನ ಮೆಕಾಸ್ಕಿಲ್ ತಾನಾಗಿ ಒಪ್ಪಿಕೊಂಡ:
ಈ ಕುಲದ ಚೌಕುಳಿಯೂ ಅಂಥ ಹಳೆಯದಲ್ಲ.
ಯಾವುದೋ ಗಿರಣಿಯ ಪುಸ್ತಕದಲ್ಲಿ ಬರೀ ನಂಬರಾಗಿದ್ದಿರಬೇಕು,
ಹೆಸರು ಆಮೇಲೆ ಅಂಟಿತು.
ಹೇಳಿ ಕನ್ನಡಿಯಲ್ಲಿ ನನ್ನ ಮುಖ ನೋಡಿದ,
ನಾನು ಬಿಚ್ಚಿಸಿಕೊಳ್ಳುತ್ತೇನೋ ಎಂಬಂತೆ.
ನೆಟ್ಟಗೆ ನಿಲ್ಲಿ ಸಾಹೇಬರೇ, ಎಂದೆ. ಅಂಚು ವಾಲುತ್ತದೆ.

ಈ ಕೆಲಸದ ಗುಟ್ಟು ನೆರಿಗೆಯಲ್ಲಿದೆ.
ಎಳೆಗೆ ಎಳೆ ಕೂಡಿಸಿ ಮಡಚಬೇಕು.
ಬಟ್ಟೆಯ ಬಹುಪಾಲು ಒಳಗೆ ಹೋಗುತ್ತದೆ, ಕತ್ತಲೆಗೆ.
ಹಾಗೆ ಹೋದರೇ ಬೆನ್ನಿನ ಕಡೆ ಚೌಕ ಒಡೆಯದೆ ನಿಲ್ಲುವುದು,
ಮಡಚಲೇ ಇಲ್ಲವೇನೋ ಅನ್ನುವ ಹಾಗೆ.
ನಡೆಯುವಾಗ ಮಾತ್ರ ಒಳಗಿನದು
ಒಂದು ಗಳಿಗೆ ಬಾಯಿ ಬಿಡುತ್ತದೆ.

ಬಿಲ್ಲಿನ ಪುಸ್ತಕದಲ್ಲಿ ಕಿಲ್ಟಿಗೆ ಕಾಲಮ್ಮಿಲ್ಲ.
ಬರೆದೆ: ಲೇಡೀಸ್ ಸ್ಕರ್ಟ್, ಒಂದು, ಅರವತ್ತೈದು ದಿನಾರ್.
ಓದಿ ಅವನು ನಕ್ಕ ಅಬ್ಬರಕ್ಕೆ
ಖಮೀಸ್ ಓಡಿ ಬಂದ, ಯಾರಿಗೇನಾಯಿತೆಂದು.

ಉಳಿದ ಗೇಣುದ್ದದ ಚೂರು ಕೊಡಹೋದರೆ
ಇಟ್ಟುಕೋ, ಎಂದ.
ಇಸ್ತ್ರಿಪೆಟ್ಟಿಗೆಯ ಹಿಡಿಗೆ ಸುತ್ತಿದ್ದೇನೆ.
ಬಿಸಿಯೇರಿದಾಗೆಲ್ಲ ಅಂಗಡಿಯೊಳಗೆ
ಕುರಿ.